ಹೆಸರು ಮತ್ತು ಹಾದಿ: ಸೋರ್ಸ್ ಕೋಡಿನಲ್ಲಿ ಪದಶೋಧನೆ

ಗಣಕಯಂತ್ರಕ್ಕಾಗಿ ಬರೆದ ಸೋರ್ಸ್ ಕೋಡಿನಲ್ಲಿ ಒಂದೇ ಹೆಸರು ಹಲವು ಕಡೆ ಬರುವುದುಂಟು. ಆದುದರಿಂದ ಶೋಧಕನು ಹೆಸರನ್ನಷ್ಟೇ ಕೇಳದೆ, ಕೋಶ, ಕಡತ, ವರ್ಗ, ಹೆಸರು ಎಂಬ ಹಾದಿಯನ್ನು ಓರೆಗೆರೆಗಳಿಂದ ಕೂಡಿಸಿ ಕೇಳುತ್ತಾನೆ. ಈ ಪದ್ಧತಿಯನ್ನು ಹೊಸತೆಂದು ಹೊಗಳುವವರು ರೈಸರ 'ಎಪಿಗ್ರಾಫಿಯಾ ಕರ್ನಾಟಿಕಾ'ವನ್ನು ನೋಡಿದಂತಿಲ್ಲ. ತಾಳಗುಂದದ ಸ್ತಂಭಶಾಸನವು ಅಲ್ಲಿ ಏಳನೆಯ ಸಂಪುಟ, ಶಿಕಾರಿಪುರ, ೧೭೬. ಇದೂ ಹಾದಿಯೇ.

ಧಾರವಾಡ ಸೀಮೆಯ ಶಾಸನಗಳಿಗೆ ಈ ಕ್ರಮ ದೊರೆಯಲಿಲ್ಲ. 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯ ಮುಂಬಯಿ-ಕರ್ನಾಟಕ ಸಂಪುಟಗಳು ರಾಜವಂಶಾನುಕ್ರಮದಲ್ಲಿವೆ. ಸವಣೂರು ತಾಲ್ಲೂಕಿನ ಯಲವಿಗಿಯಂಥ ಊರಿನ ಶಾಸನವನ್ನು ಅರಸುವ ವಿದ್ಯಾರ್ಥಿಯು ವಂಶವನ್ನು ಮೊದಲೇ ಅರಿತಿರಬೇಕು, ಇಲ್ಲವೇ ಸೂಚಿಗೆ ಮೊರೆಹೋಗಬೇಕು. ಅವನು ತಿಳಿಯಹೊರಟ ವಿಷಯವೇ ಹಾದಿಯ ಮೊದಲ ಮೆಟ್ಟಿಲು!

ಹಾಗೆಂದು ಸ್ಥಳಾನುಸಾರಿಯಾದ ಹಾದಿ ನಿರ್ದೋಷವೆನ್ನಲಾಗದು. ೧೯೦೨ರ ಆ ಏಳನೆಯ ಸಂಪುಟದಲ್ಲಿ ಹೊನ್ನಾಳಿಯು ಶಿವಮೊಗ್ಗ ಜಿಲ್ಲೆಗೆ ಸೇರಿದ್ದು. ೧೯೯೭ರಿಂದ ಅದು ದಾವಣಗೆರೆಯದು. ಅದೇ ವರ್ಷ ಯಲವಿಗಿಯೂ ಧಾರವಾಡ ಜಿಲ್ಲೆಯನ್ನು ಬಿಟ್ಟು ಹಾವೇರಿಗೆ ಸೇರಿತು. ಊರುಗಳು ಮಾತ್ರ ಇದ್ದಲ್ಲಿಯೇ ಇವೆ. ಕೋಡಿನಲ್ಲಿಯೂ ಕಡತವನ್ನು ಬೇರೊಂದು ಕೋಶಕ್ಕೆ ಸರಿಸಿದೊಡನೆ ಪೂರ್ಣ ಹಾದಿಯ ಪ್ರಶ್ನೆ ಬರಿಗೈಯಲ್ಲಿ ಮರಳುತ್ತದೆ. ಹಾದಿಯ ಕೊನೆಯ ಎರಡು ಮೂರು ಮೆಟ್ಟಿಲುಗಳನ್ನಷ್ಟೇ ಹೊಂದಿಸಿ ನೋಡುವ ಶೋಧವು ನಮಗೆ ಹೆಚ್ಚು ವಿಶ್ವಾಸಾರ್ಹವೆನಿಸುತ್ತದೆ. 'ಸವಣೂರು/ಯಲವಿಗಿ' ಎಂದು ಕೇಳಿದರೆ ಜಿಲ್ಲೆ ಯಾವುದಾದರೂ ಊರು ದೊರೆಯುತ್ತದೆ. ಕೊನೆಯ ಮೆಟ್ಟಿಲೇ ಬದಲಾದಾಗ ಇದೂ ಸಾಲದು: ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳು ಶಾಸನಗಳಿಗೆ ಹೊಸ ಸಂಖ್ಯೆಗಳನ್ನು ಕೊಟ್ಟಿವೆ, ಹಳೆಯ ಪ್ರಬಂಧಗಳಲ್ಲಿ ರೈಸರ ಸಂಖ್ಯೆಗಳೇ ಉಳಿದಿವೆ. ಅಲ್ಲಿ ಹಳೆಯದನ್ನೂ ಹೊಸದನ್ನೂ ಎದುರುಬದುರಾಗಿಟ್ಟ ಪಟ್ಟಿಯೊಂದೇ ಗತಿ.