ದಂಡೆತ್ತಿ ಬಂದವನ ಬಿರುದು, ಊರಳಿದವರ ಕಲ್ಲು

ಪರರಾಜ್ಯದ ಮೇಲೆ ದಂಡೆತ್ತಿ ಹೋದ ಅರಸನು ತಾನು ನಿಷ್ಕಾರಣವಾಗಿ ಹೋದೆನೆಂದು ಬರೆಯಿಸುವುದುಂಟೆ? ನಮ್ಮ ಪ್ರಾಚೀನ ಪ್ರಶಸ್ತಿಗಳಲ್ಲಿ ಕಾರಣವೆಂಬುದು ಮಂಗಳಶ್ಲೋಕದಷ್ಟೇ ಅವಶ್ಯವಾದ ಅಂಗವಾಗಿದೆ. ಪರಿಣಾಮದ ಸಂಗತಿ ಹಾಗಲ್ಲ. ಉರಿದ ಊರು, ಓಡಿದ ಒಕ್ಕಲು, ಸೆರೆಯಾದ ಹೆಂಗಸು, ಇವರಿಗೆ ಪ್ರಶಸ್ತಿಕಾರನ ನಾಲಗೆ ಬಹುಮಟ್ಟಿಗೆ ಮೂಕವೇ. ಹಾಗೆ ಮೂಕವಾಗದ ಒಂದು ಕಲ್ಲು ಶಿಗ್ಗಾಂವ ತಾಲೂಕಿನ ಹೊಟ್ಟೂರಿನಲ್ಲಿ ದೊರೆತದ್ದು ನಮ್ಮ ಸೀಮೆಯ ಭಾಗ್ಯ. ಆದರೆ ಆ ಕಲ್ಲನ್ನು ನಾವು ಪೂರ್ತಿಯಾಗಿ ಓದಿದ್ದೇವೆಯೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಶಕವರ್ಷ 929ರ, ಎಂದರೆ ಕ್ರಿ.ಶ. 1007-08ರ ಈ ಶಾಸನವನ್ನು ಬಾರ್ನೆಟ್ಟರು ‘ಎಪಿಗ್ರಾಫಿಯಾ ಇಂಡಿಕಾ’ದ 16ನೆಯ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಕಾಲ, ಕಲ್ಯಾಣ ಚಾಲುಕ್ಯರ ಸತ್ಯಾಶ್ರಯ ಇರಿವಬೆಡಂಗನದು. ರಾಜರಾಜ ಚೋಳನ ಕುಲದ ರಾಜೇಂದ್ರನು ಒಂಬತ್ತು ಲಕ್ಷ ಬಲದೊಡನೆ ಬಂದು ದೋನವೂರಿನಲ್ಲಿ ಬೀಡುಬಿಟ್ಟು ನಾಡನ್ನೆಲ್ಲ ಸೂರೆಗೊಂಡನು. ಹೆಂಗಸರು, ಮಕ್ಕಳು, ಬ್ರಾಹ್ಮಣರು ಎನ್ನದೆ ಕೊಂದನು. ಹೆಣ್ಣುಮಕ್ಕಳನ್ನು ಹಿಡಿದು ಜಾತಿ ಕೆಡಿಸಿದನು ಎಂದು ಶಾಸನ ಹೇಳುತ್ತದೆ. ಆಗ ‘ತಿಗುಳ ಮಾರಿ’ಯೆನಿಸಿದ ಸತ್ಯಾಶ್ರಯನು ಚೋಳನನ್ನು ಓಡಿಸಿ, ಅವನ ಸಾಧನ ಸಾಮಗ್ರಿಗಳನ್ನು ಕಸಿದುಕೊಂಡು, ತೆಂಕಣ ದಿಕ್ಕನ್ನು ಸಾಧಿಸಿದನು.

ಒಂಬತ್ತು ಲಕ್ಷವೆಂಬ ಸಂಖ್ಯೆಯನ್ನು ಯಾರೂ ಅಕ್ಷರಶಃ ನಂಬಬೇಕಾಗಿಲ್ಲ. ಅಷ್ಟು ಜನಕ್ಕೆ ಅಂದಿನ ಯಾವ ನಾಡೂ ನೀರು ಕುಡಿಸಲಾರದು. ಆದರೆ ಸಂಖ್ಯೆ ಅತಿಶಯವಾಯಿತೆಂದು ಉಳಿದುದೂ ಸುಳ್ಳಾಗುವುದಿಲ್ಲ. ವೈರಿಯ ಬಾಯಿಯ ನಿಂದೆಯಿದು ಎಂದು ತಳ್ಳಿಹಾಕುವವರು ಚೋಳರ ಪಾಳಯದಲ್ಲಿಯೇ ಇರುವ ಸಾಕ್ಷಿಯನ್ನು ನೋಡಬೇಕು. ರಾಜೇಂದ್ರನ ಮಗ ರಾಜಾಧಿರಾಜನು ಕಲ್ಯಾಣದಿಂದ ಒಂದು ದ್ವಾರಪಾಲಕ ವಿಗ್ರಹವನ್ನು ಹೊತ್ತೊಯ್ದನು. ಕಲ್ಯಾಣಪುರವನ್ನು ಸುಟ್ಟು ತಂದದ್ದೆಂದು ಆ ವಿಗ್ರಹದ ಪೀಠದಲ್ಲಿ ತಮಿಳಿನಲ್ಲಿ ಕೆತ್ತಿಸಲಾಗಿದೆ. ಸುಟ್ಟವರೇ ಸುಟ್ಟೆವೆಂದು ಬರೆದ ಮೇಲೆ ವಾದಕ್ಕೆ ಎಡೆಯೆಲ್ಲಿ?

ಇದೇ ದಂಡಯಾತ್ರೆ ಚೋಳರ ಮೆಯ್ಕೀರ್ತಿಯಲ್ಲಿ ಹೇಗೆ ಕಾಣುತ್ತದೆಂಬುದು ಇನ್ನೂ ಕುತೂಹಲಕರ. ರಾಜೇಂದ್ರನು ಗೆದ್ದ ಇಡೈತುರೈನಾಡು, ಬನವಾಸಿ, ಕೊಳ್ಳಿಪಾಕೆ, ಮಣ್ಣೈಕಡಕಗಳನ್ನು ಅಲ್ಲಿ ಸಾಲಾಗಿ ಎಣಿಸಲಾಗಿದೆ. ಬನವಾಸಿಗೆ ಕಾಡಿನ ಬೇಲಿಯ ವಿಶೇಷಣ, ಕೊಳ್ಳಿಪಾಕೆಗೆ ಕೋಟೆಗೋಡೆಯ ವಿಶೇಷಣ. ಮರಗಳಿವೆ, ಗೋಡೆಗಳಿವೆ, ಮನುಷ್ಯರು ಮಾತ್ರ ಒಬ್ಬರೂ ಇಲ್ಲ. ಹೊಟ್ಟೂರಿನ ಕಲ್ಲಿನಲ್ಲಿ ಅಳುವ ನಾಡು ಮೆಯ್ಕೀರ್ತಿಯಲ್ಲಿ ಭೂಪಟದ ಹೆಸರಾಗಿದೆ. ಅತ್ತ ತಂಜಾವೂರಿನಲ್ಲಿ ರಾಜರಾಜನು ಸತ್ಯಾಶ್ರಯನನ್ನು ಗೆದ್ದು ಮರಳಿದ ನೆನಪಿಗೆ ದೇವರಿಗೆ ಚಿನ್ನದ ಹೂಗಳನ್ನರ್ಪಿಸಿದನು. ಕಾರಣ ಕೀರ್ತಿ, ಫಲ ಚಿನ್ನದ ಹೂ. ಲೆಕ್ಕ ಅಲ್ಲಿಗೆ ಮುಗಿಯಿತು.

ಇಷ್ಟನ್ನು ಹೇಳಿ ಚೋಳರನ್ನು ಹಳಿದು ಲೇಖನಿ ಕೆಳಗಿಡುವುದು ಸುಲಭ. ನಮ್ಮ ಇತಿಹಾಸ ಲೇಖಕರು ಹೊಟ್ಟೂರು ಶಾಸನವನ್ನು ಉದಾಹರಿಸುವಾಗ ಸಾಮಾನ್ಯವಾಗಿ ಪೂರ್ವಾರ್ಧಕ್ಕೇ ಒತ್ತು ಕೊಡುತ್ತಾರೆ. ನನ್ನ ಆಕ್ಷೇಪವಿರುವುದು ಇಲ್ಲಿಯೇ. ಉತ್ತರಾರ್ಧವನ್ನು ಗಮನವಿಟ್ಟು ಓದಿರಿ. ಚೋಳನನ್ನು ಓಡಿಸುವುದು ಒಂದು ಕಾರ್ಯ, ತೆಂಕಣ ದಿಕ್ಕನ್ನು ಸಾಧಿಸುವುದು ಇನ್ನೊಂದು ಕಾರ್ಯ. ಮೊದಲನೆಯದು ಆತ್ಮರಕ್ಷಣೆ, ಎರಡನೆಯದು ಮತ್ತೊಂದು ದಂಡಯಾತ್ರೆ. ಶಾಸನಕಾರನು ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾನೆ. ಈಗಷ್ಟೇ ಹೆಂಗಸರನ್ನೂ ಮಕ್ಕಳನ್ನೂ ಎಣಿಸಿದ ಅದೇ ನಾಲಗೆಗೆ ತೆಂಕಣ ದಿಕ್ಕಿನ ಹೆಂಗಸರೂ ಮಕ್ಕಳೂ ನೆನಪಾಗುವುದಿಲ್ಲ.

ಇದು ಒಬ್ಬ ಶಾಸನಕಾರನ ದೋಷವಲ್ಲ. ಬಾದಾಮಿ ಚಾಲುಕ್ಯರ ವಕ್ಕಲೇರಿ ತಾಮ್ರಪಟವನ್ನು, ಕ್ರಿ.ಶ. 757ರದನ್ನು ನೋಡಿರಿ. ಇಮ್ಮಡಿ ವಿಕ್ರಮಾದಿತ್ಯನು ಕಂಚಿಯ ಮೇಲೆ ಏಕೆ ಹೋದನು? ಪಲ್ಲವನು ‘ಪ್ರಕೃತ್ಯಮಿತ್ರ’ನಂತೆ, ಹುಟ್ಟುವೈರಿಯಂತೆ, ಚಾಲುಕ್ಯರ ಪೂರ್ವಿಕರ ಕಾಂತಿಯನ್ನು ಅಪಹರಿಸಿದವನಂತೆ. ಈ ‘ಪ್ರಕೃತ್ಯಮಿತ್ರ’ ಎಂಬ ಪದ ಬಲು ಜಾಣತನದ್ದು. ವೈರಿ ಏನಾದರೂ ತಪ್ಪು ಮಾಡಿದರೆ ಅದನ್ನು ತೋರಿಸಬೇಕಾಗುತ್ತದೆ. ವೈರಿತ್ವವು ಅವನ ಹುಟ್ಟುಗುಣವೆಂದರೆ ಏನನ್ನೂ ತೋರಿಸಬೇಕಾಗಿಲ್ಲ. 2003ರಲ್ಲಿ ಇರಾಕಿನ ಮೇಲೆ ಏರಿಹೋದವರು ಸಾಮೂಹಿಕ ವಿನಾಶದ ಅಸ್ತ್ರಗಳ ಕಾರಣವನ್ನಾದರೂ ಮುಂದೊಡ್ಡಿದರು. ಆ ಅಸ್ತ್ರಗಳು ಸಿಗಲಿಲ್ಲವೆಂದು ಜಗತ್ತು ಅವರನ್ನು ಕೇಳಲು ಸಾಧ್ಯವಾಯಿತು. ಪ್ರಕೃತ್ಯಮಿತ್ರನೆಂದವನನ್ನು ಏನೆಂದು ಕೇಳುವುದು?

ಆದರೂ ವಿಕ್ರಮಾದಿತ್ಯನ ವಿಷಯದಲ್ಲಿ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಕಂಚಿಯ ಕೈಲಾಸನಾಥ ದೇವಾಲಯದ ಕಂಬದ ಮೇಲೆ ಅವನ ಕನ್ನಡ ಶಾಸನವಿದೆ. ರಾಜಸಿಂಹೇಶ್ವರನ ಸಿರಿಯನ್ನು ಕಂಡು, ಅದನ್ನು ಕವರದೆ ದೇವರಿಗೇ ಬಿಟ್ಟುಕೊಟ್ಟನೆಂದು ಅದು ಸಾರುತ್ತದೆ. ಗೆದ್ದವನ ಕೈ ಹಿಂದೆ ಸರಿದ ಇಂಥ ದಾಖಲೆ ಅಪೂರ್ವ. ಆದರೆ ಪಟ್ಟದಕಲ್ಲಿನಲ್ಲಿ ಲೋಕಮಹಾದೇವಿ ಕಟ್ಟಿಸಿದ ಗುಡಿ, ನಾವು ಇಂದು ವಿರೂಪಾಕ್ಷ ಗುಡಿಯೆಂದು ಕಣ್ತುಂಬ ನೋಡುವ ಕಟ್ಟಡ, ತನ್ನ ಗಂಡನು ಮೂರು ಸಲ ಕಂಚಿಯನ್ನು ಗೆದ್ದುದರ ಸ್ಮಾರಕವೇ. ತಂಜಾವೂರಿನ ಚಿನ್ನದ ಹೂವಿಗೆ ಮೂಗು ಮುರಿಯುವ ಮುನ್ನ ಇದನ್ನು ಸ್ಮರಿಸುವುದು ಯೋಗ್ಯ.

ಕಾವ್ಯವಾದರೂ ಈ ಕುರುಡಿನಿಂದ ಪಾರಾಯಿತೇ? ಹೊಟ್ಟೂರು ಶಾಸನದ ಸತ್ಯಾಶ್ರಯನೇ ರನ್ನನ ಗದಾಯುದ್ಧದ ಭೀಮ. ತನ್ನ ಪೋಷಕನನ್ನು ಗೆಲ್ಲುವವನ ಸ್ಥಾನದಲ್ಲಿ ನಿಲ್ಲಿಸಿದ ಕವಿಗೆ ಯುದ್ಧದ ಪರಿಣಾಮವನ್ನು ಹೇಳುವ ಸ್ವಾತಂತ್ರ್ಯ ಎಲ್ಲಿಂದ ಬರಬೇಕು? ರನ್ನನು ಅದನ್ನು ಸೋಲುವವನಲ್ಲಿ ಕಂಡುಕೊಂಡನು. ಹೆಣಗಳ ನಡುವೆ ಸಂಜಯನೊಡನೆ ನಡೆಯುವ ದುರ್ಯೋಧನನು ದ್ರೋಣನನ್ನು, ದುಶ್ಶಾಸನನನ್ನು, ಕರ್ಣನನ್ನು, ಮಗ ಲಕ್ಷ್ಮಣಕುಮಾರನನ್ನು ಒಬ್ಬೊಬ್ಬರನ್ನಾಗಿ ಕಾಣುತ್ತಾನೆ. ವೈರಿಯ ಮಗನಾದ ಅಭಿಮನ್ಯುವಿಗೂ ಅವನ ಮನಸ್ಸು ಕರಗುತ್ತದೆ. ಭೀಮನಿಗೆ ಬಿರುದು, ದುರ್ಯೋಧನನಿಗೆ ದುಃಖ. ಆಸ್ಥಾನ ಕವಿಯೊಬ್ಬನು ಇದಕ್ಕಿಂತ ಹೆಚ್ಚು ಸತ್ಯವನ್ನು ಹೇಳಲಾರನು ಎಂಬುದು ನನ್ನ ಅಭಿಪ್ರಾಯ.

ಮುಂದಿನ ಶತಮಾನಗಳಲ್ಲಿ ಕಾರಣಗಳ ಭಾಷೆ ಬದಲಾಯಿತು, ಕೀರ್ತಿಯ ಸ್ಥಾನದಲ್ಲಿ ಹಣಕಾಸಿನ ಲೆಕ್ಕ ಬಂದಿತು. 1756ರಲ್ಲಿ ಪೇಶ್ವೆಯ ಸೈನ್ಯ ಸವಣೂರನ್ನು ಮುತ್ತಿದ್ದಕ್ಕೆ ನೆಪ, ಪೇಶ್ವೆಯನ್ನು ಬಿಟ್ಟುಬಂದ ಮುಜಫರ್ ಖಾನನಿಗೆ ನವಾಬನು ಆಶ್ರಯ ಕೊಟ್ಟದ್ದು. 1764ರಲ್ಲಿ ಅಂದಿನ ಹಿರೇಕೆರೂರು ಸೀಮೆಯ ರಟ್ಟಿಹಳ್ಳಿಯಲ್ಲಿ ಮಾಧವರಾಯನಿಗೂ ಹೈದರನಿಗೂ ಕಾಳಗವಾಯಿತು. ಇಬ್ಬರಿಗೂ ಅದು ಪರಸ್ಥಳವೇ. ಹೈದರನ ಮನೆತನದೊಡನೆ ಬೀಗತನ ಬೆಳೆಸಿದ್ದ ನವಾಬ ಅಬ್ದುಲ್ ಹಕೀಂ ಖಾನನೇ 1786ರಲ್ಲಿ ಟಿಪ್ಪುವಿನ ದಂಡು ಬಂದಾಗ ಸವಣೂರು ಬಿಟ್ಟು ಮರಾಠರ ಪಾಳಯಕ್ಕೆ ಓಡಬೇಕಾಯಿತು. 1800ರಲ್ಲಿ ಧೋಂಡಿಯ ವಾಘನನ್ನು ಬೆನ್ನಟ್ಟಿ ವೆಲ್ಲೆಸ್ಲಿಯ ಪಡೆಗಳೂ ಇದೇ ದಾರಿ ತುಳಿದವು.

ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ ಹಾನಗಲ್ಲಿನದು. ಇಲ್ಲಿ ಬಂದವರು ಚೋಳರಲ್ಲ, ಪೇಶ್ವೆಯಲ್ಲ, ಕನ್ನಡಿಗರಾದ ಹೊಯ್ಸಳರು. ವಿಷ್ಣುವರ್ಧನನ ಬಿರುದಾವಳಿಯಲ್ಲಿ ತಲಕಾಡು, ಕೊಂಗು, ನಂಗಲಿ, ಬನವಾಸಿಗಳ ಜೊತೆಗೆ ಹಾನುಂಗಲ್ಲನ್ನೂ ‘ಕೊಂಡ’ವನೆಂದಿದೆ. ಬೇಲೂರಿನ ಶಿಲ್ಪವನ್ನು ಮೆಚ್ಚುವ ನಾವು ಆ ಬಿರುದನ್ನು ನಮ್ಮ ಅಭಿಮಾನದ ಪಟ್ಟಿಯಲ್ಲಿಯೇ ಸೇರಿಸುತ್ತೇವೆ. ಆದರೆ ‘ಕೊಂಡ’ ಊರು ಇನ್ನೊಬ್ಬರ ಊರಾಗಿತ್ತು, ಅಲ್ಲಿ ಕದಂಬರ ಆಳಿಕೆಯಿತ್ತು. ಅವನ ಮೊಮ್ಮಗ ಇಮ್ಮಡಿ ಬಲ್ಲಾಳನು 1196ರಲ್ಲಿ ಮತ್ತೆ ಬಂದು ಆನೆಕೆರೆಯ ಬಳಿ ಬೀಡುಬಿಟ್ಟು ಊರನ್ನು ಮುತ್ತಿದ್ದನ್ನು ಹಾನಗಲ್ಲಿನ ವೀರಗಲ್ಲೊಂದು ಹೇಳುತ್ತದೆ. ಕಾಮದೇವನ ದಂಡನಾಯಕ ಸೋಹಣಿಯು ಮಗನೊಡನೆ ಕಾದಾಡಿ ಹೊಯ್ಸಳರನ್ನು ಆಗ ಹಿಮ್ಮೆಟ್ಟಿಸಿದನು, ತಾನು ಮಡಿದನು.

ಈ ವೀರಗಲ್ಲನ್ನು ಬೇಲೂರಿನ ಬಿರುದಿನ ಪಕ್ಕದಲ್ಲಿಟ್ಟು ಓದಬೇಕೆಂಬುದೇ ನನ್ನ ಸೂಚನೆ. ಬಿರುದಿಗೆ ಬೇಕಾದದ್ದು ಊರಿನ ಹೆಸರು. ವೀರಗಲ್ಲಿಗೆ ಬೇಕಾದದ್ದು ಸತ್ತವನ ಹೆಸರು. ಕನ್ನಡದ ವೀರಗಲ್ಲುಗಳು ಕಾಳಗದ ಸಂದರ್ಭವನ್ನು ತಿಳಿಸಲು ಬಳಸುವ ಪದಗಳನ್ನೇ ನೋಡಿರಿ: ತುರುಗೋಳ್, ಊರಳಿವು, ಪೆಣ್ಬುಯ್ಯಲ್. ದನ ಹೋಯಿತು, ಊರು ಹೋಯಿತು, ಹೆಣ್ಣು ಕೂಗಿಕೊಂಡಳು. ಆಸ್ಥಾನದ ಪ್ರಶಸ್ತಿಯಲ್ಲಿ ಇವುಗಳಿಗೆ ಸ್ಥಾನವಿಲ್ಲ. ಊರ ಜನರು ನಿಲ್ಲಿಸಿದ ಕಲ್ಲಿನಲ್ಲಿ ಇವು ಸಿದ್ಧಪದಗಳು. ಸಿದ್ಧಪದವಾಗಬೇಕಾದರೆ ಆ ಸಂಗತಿ ಎಷ್ಟು ಸಲ ಒದಗಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಇಷ್ಟಾದರೂ ಹಾನಗಲ್ಲಿನ ಕಲ್ಲು ಸೋಹಣಿಯ ಸಾವಿನ ಬಳಿಯೇ ನಿಲ್ಲುತ್ತದೆ. ಬಲ್ಲಾಳನ ದಂಡು ಬೀಡುಬಿಟ್ಟದ್ದು ಕೆರೆಯ ಬಳಿ. ಕುದುರೆ, ಎತ್ತು, ಆನೆಗಳ ಸಮೇತ ಒಂದು ಸೈನ್ಯ ಕೆರೆಯ ದಂಡೆಯಲ್ಲಿ ಕುಳಿತರೆ ಕೆಳಗಿನ ಗದ್ದೆಗಳ ಗತಿಯೇನು, ಏರಿಯ ಗತಿಯೇನು, ಆ ವರ್ಷ ಯಾರು ಭತ್ತ ಕೊಯ್ದರು ಎಂಬುದನ್ನು ಹಾನಗಲ್ಲಿನ ಒಕ್ಕಲಿಗನಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.