ಕೆಂಡದ ಮಟನ್ನಿಗೆ ಶಿರಾಜ್

ಕೆಂಡದ ಮೇಲಿನ ಮಟನ್ ಚಾಪ್ಸ್‌ನಿಂದ ಒಂದು ಹನಿ ಕೊಬ್ಬು ಜಾರಿ ಚುಂಯ್ ಎನ್ನುತ್ತದೆ. ಎದ್ದ ಹೊಗೆ ಮತ್ತೆ ಮಾಂಸವನ್ನೇ ಅಪ್ಪಿಕೊಳ್ಳುತ್ತದೆ. ಮೊಸರು, ಶುಂಠಿ, ಬೆಳ್ಳುಳ್ಳಿ, ಜೀರಿಗೆಯ ಜೊತೆ ಧಾರಾಳವಾಗಿ ಕುಟ್ಟಿದ ಕಾಳುಮೆಣಸು ಸವರಿ ರಾತ್ರಿಯಿಡೀ ನೆನೆಸಿಟ್ಟ ಮಾಂಸ ಅದು. ಇದಕ್ಕೆ ಯಾವ ವೈನ್ ಎಂದು ಕೇಳಿದರೆ, ನನ್ನ ಉತ್ತರ ಶಿರಾಜ್ ಎಂಬ ಕೆಂಪು ವೈನ್. ನಂದಿಬೆಟ್ಟದ ಸುತ್ತಲಿನ ತೋಟದ್ದಾದರೆ ಇನ್ನೂ ಸಂತೋಷ.

ಕಾರಣ ಆ ಮೆಣಸೇ. ಕಾಳುಮೆಣಸಿಗೆ ಅದರ ಘಮ ಕೊಡುವ ರೋಟಂಡೋನ್ ಎಂಬ ಸಂಯುಕ್ತ ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ. ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಇದನ್ನು ಪ್ರಕಟಿಸಿದರು. ತಂಪು ಜಾಗದಲ್ಲಿ ನಿಧಾನವಾಗಿ ಮಾಗಿದ ಹಣ್ಣಿನಲ್ಲಿ ಅದು ಹೆಚ್ಚು. ಅವರ ಪರೀಕ್ಷೆಯಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಆ ವಾಸನೆಯೇ ತಿಳಿಯಲಿಲ್ಲವಂತೆ. ಪಾಪ, ಎಂಥ ಸುಖ ತಪ್ಪಿತು! ಮಲೆನಾಡಿನಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಗೂ ಚಪ್ಪರದ ದ್ರಾಕ್ಷಿಬಳ್ಳಿಗೂ ಒಂದೇ ಘಮದ ನಂಟು ಎಂಬುದು ನನಗೆ ಇವತ್ತಿಗೂ ಬೆರಗು.

ಕೆಂಪು ವೈನಿನ ಒಗರು ಮಟನ್ನಿನ ಜಿಡ್ಡನ್ನು ನಾಲಗೆಯಿಂದ ತೊಳೆಯುತ್ತದೆ. ಜಿಡ್ಡು ಆ ಒಗರನ್ನು ಮೆತ್ತಗಾಗಿಸುತ್ತದೆ. ಆದರೆ ಮಸಾಲೆಯಲ್ಲಿ ಗುಂಟೂರು ಮೆಣಸಿನಕಾಯಿಯ ಕೈ ಮೇಲಾಗಿದ್ದರೆ ಶಿರಾಜ್ ಬೇಡ. ಆಲ್ಕೋಹಾಲ್ ಆ ಖಾರವನ್ನು ಇನ್ನಷ್ಟು ಉರಿಸುತ್ತದೆ. ಆಗ ತಣ್ಣನೆಯ, ಗುಲಾಬಿ ಬಣ್ಣದ ರೋಸೆ ವೈನ್ ಒಳ್ಳೆಯದು.

ಕೆಂಪು ವೈನನ್ನು ಹಾಗೇ ಕೋಣೆಯಲ್ಲಿಟ್ಟು ಬಡಿಸಬೇಕೆಂಬ ಮಾತು ನಮ್ಮ ಏಪ್ರಿಲ್ಲಿಗೆ ಹೊಂದುವುದಿಲ್ಲ. ಮೊದಲೇ ಫ್ರಿಜ್ಜಿನಲ್ಲಿಡಿ, 16ರಿಂದ 18 ಡಿಗ್ರಿಗೆ ಇಳಿಯಲಿ. ಬಾಟಲಿಯ ಮೈಮೇಲೆ ತೆಳುವಾಗಿ ಹನಿ ಕಟ್ಟುವ ಹೊತ್ತಿಗೆ ಚಾಪ್ಸ್‌ನ ಅಂಚು ಕಪ್ಪಾಗಿರುತ್ತದೆ.