ಗೋಡೆಪತ್ರಿಕೆಯ ಅಕ್ಷರ ಮತ್ತು ಸಹಕಾರದ ಒಡೆತನ

ಗೋಡೆಪತ್ರಿಕೆಯನ್ನು ವಿಮರ್ಶಿಸುವವರು ಮೊದಲು ಅದರ ಅಂದವನ್ನು ಅಳೆಯುವುದು ರೂಢಿ. ಆದರೆ ಕಾರ್ಮಿಕರ ಸಹಕಾರ ಸಂಘವು ಹೊರಡಿಸುವ ಒಂದೇ ಹಾಳೆಯ ವಾರ್ತಾಪತ್ರಕ್ಕೆ ಈ ಅಳತೆಗೋಲು ಸಾಲದು. ಅಲ್ಲಿ ದುಡಿಯುವವನೇ ಒಡೆಯನು. ಸಂಘದ ಲೆಕ್ಕ ಅವನಿಗೆ ತಿಳಿಯದಿದ್ದರೆ ಒಡೆತನವು ಹೆಸರಿಗೆ ಮಾತ್ರ. ಆದುದರಿಂದ ಇಂಥ ಹಾಳೆಯನ್ನು ಎರಡು ಪ್ರಶ್ನೆಗಳಿಂದ ಪರೀಕ್ಷಿಸಬೇಕು: ಕೆಲಸದ ನಡುವೆ ನಿಂತವನು ಅದನ್ನು ಓದಬಲ್ಲನೆ? ನಾಳೆ ಇನ್ನೊಬ್ಬ ಸದಸ್ಯನು ಅದನ್ನು ತಿದ್ದಬಲ್ಲನೆ?

ಉಡುಪಿ ಉಪಾಹಾರಗೃಹಗಳಿಂದ ಹೆಸರಾದ ಮಾಟುಂಗದ ಕನ್ನಡಿಗರಿಗೆ ಈ ಪ್ರಶ್ನೆ ದೂರದ್ದಲ್ಲ. ಬೆಂಗಳೂರಿನ ಕಾಫಿ ಹೌಸ್ ನೌಕರರು 1957ರಲ್ಲಿ ತಮ್ಮದೇ ಸಹಕಾರ ಸಂಘವನ್ನು ಕಟ್ಟಿದರು. ಮುಂಬಯಿಯ ಗಿರಗಾಂವಿನಲ್ಲಿ 1959ರಲ್ಲಿ ಏಳು ಮಂದಿ ಮಹಿಳೆಯರು 80 ರೂಪಾಯಿ ಸಾಲದಿಂದ ಆರಂಭಿಸಿದ ಲಿಜ್ಜತ್ ಹಪ್ಪಳದ ಸಂಸ್ಥೆಯಲ್ಲಿಯೂ ದುಡಿಯುವವರೇ ಒಡತಿಯರು.

ಇಂಥ ಸಂಘಗಳಿಗೆ ಮುಕ್ತ ತಂತ್ರಾಂಶವು ಒಪ್ಪುವುದು ಅದು ಪುಕ್ಕಟೆಯೆಂಬ ಕಾರಣದಿಂದಲ್ಲ. ಉಪಕರಣವೂ ಸಮುದಾಯದ ಸ್ವತ್ತೆಂಬ ಕಾರಣದಿಂದ. ಆದರೆ ಕನ್ನಡಕ್ಕೆ ಈ ಸ್ವಾತಂತ್ರ್ಯ ತಡವಾಗಿ ಒದಗಿತು. ಪುಟವಿನ್ಯಾಸದ ಸ್ಕ್ರೈಬಸ್‌ನ 1.4ನೆಯ ಆವೃತ್ತಿಯಲ್ಲಿ ಒತ್ತಕ್ಷರಗಳು ಸರಿಯಾಗಿ ಕೂಡುತ್ತಿರಲಿಲ್ಲ. 2017ರ ಪ್ರಾಯೋಗಿಕ ಆವೃತ್ತಿಯಲ್ಲಿ ಈ ತೊಡಕು ಬಿಡಿಸಿತು, ಸ್ಥಿರವಾದ 1.6ನೆಯ ಆವೃತ್ತಿ ಬಂದುದು 2024ರಲ್ಲಿ. ಅಕ್ಷರರೂಪಗಳ ಕೊರತೆಯೂ ಈಗಿಲ್ಲ: ಮುಂಬಯಿಯ ಏಕ್ ಟೈಪ್ ರೂಪಿಸಿದ ‘ಬಾಲೂ ತಮ್ಮ’ ಮುಕ್ತ ಪರವಾನಗಿಯಲ್ಲಿ ದೊರೆಯುತ್ತದೆ, ಅದರ ದಪ್ಪ ರೇಖೆ ಶೀರ್ಷಿಕೆಗೆ ತಕ್ಕುದು.

ಉಪಕರಣ ಸಿಕ್ಕಿತೆಂದು ವಿವೇಕವೂ ಸಿಕ್ಕಿತೆನ್ನಲಾಗದು. ರೋಮನ್ ಲಿಪಿಗೆಂದು ಮಾಡಿದ ಮಾದರಿಯಲ್ಲಿ ಕನ್ನಡವನ್ನು ತುಂಬಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಗಲುತ್ತದೆ. ರೋಮನ್ನಿನಲ್ಲಿ ದೊಡ್ಡಕ್ಷರಗಳಿಂದ ಪಡೆಯುವ ಒತ್ತಾಸೆಯನ್ನು ಕನ್ನಡದಲ್ಲಿ ಅಕ್ಷರದ ದಪ್ಪದಿಂದ, ಗಾತ್ರದಿಂದ, ಸುತ್ತಣ ಬಯಲಿನಿಂದಲೇ ಪಡೆಯಬೇಕು. ಹತ್ತು ಸುದ್ದಿಗಳನ್ನು ಇಡುಕಿದ ಹಾಳೆ ಒಂದನ್ನೂ ಮುಟ್ಟಿಸದು. ಲಾಭಾಂಶದ ಅಂಕಿ, ಸಭೆಯ ದಿನಾಂಕ, ತೀರ್ಮಾನವಾಗಬೇಕಾದ ವಿಷಯ, ಇವಿಷ್ಟು ಎದ್ದು ಕಂಡರೆ ಸಾಕು.

ಇನ್ನು ಎರಡನೆಯ ಪ್ರಶ್ನೆ. ಅಚ್ಚಾದ ಹಾಳೆ ಗೋಡೆಯ ಮೇಲಿದ್ದು, ತಿದ್ದಬಲ್ಲ ಮೂಲಕಡತವು ವಿನ್ಯಾಸಕಾರನೊಬ್ಬನ ಬಳಿಯೇ ಉಳಿದರೆ ಸಂಘವು ಮತ್ತೆ ಪರಾಧೀನವೇ. ಕಡತವೂ ಅಕ್ಷರರೂಪಗಳೂ ಲೆಕ್ಕದ ಪುಸ್ತಕದಂತೆ ಸಂಘದ ಕಚೇರಿಯಲ್ಲಿರಬೇಕು. ಕನಿಷ್ಠ ಇಬ್ಬರು ಸದಸ್ಯರಿಗೆ ಅವುಗಳ ಬಳಕೆ ತಿಳಿದಿರಬೇಕು. ತಂತ್ರಾಂಶದ ಮುಕ್ತತೆ ಅಲ್ಲಿಗೆ ಸಾರ್ಥಕವಾಗುತ್ತದೆ.